ಜಲಜಮ್ಮನ ಮಡಿನೀರು

ನಂಜನಗೂಡಿನ ಅಗ್ರಹಾರದ ಬೀದಿಯಲ್ಲಿ ಜಲಜಮ್ಮನ ಮಡಿಗೆ ಹೆದರದವರಿರಲಿಲ್ಲ. ಒದ್ದೆ ಸೀರೆಯುಟ್ಟು ಹಿತ್ತಲ ಬಾವಿಯಿಂದ ನೀರು ಸೇದಿ ತರುವಾಗ ಎದುರಿಗೆ ಮಗ ಬರಲಿ, ಬೆಕ್ಕು ಬರಲಿ, ದಾರಿ ಬಿಡಬೇಕು. ಬೀದಿಗೆ ನಲ್ಲಿ ಬಂದು ಎಷ್ಟೋ ಕಾಲವಾಗಿತ್ತು. ಅದರೊಳಗೆ ಚರ್ಮದ ವಾಷರ್ ಇರುತ್ತದೆಂದು ಯಾರೋ ಹೇಳಿದ್ದೇ ಸಾಕಾಯಿತು, ಆ ನೀರು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಗಂಡ ತೀರಿಕೊಂಡ ಮೇಲೆ ಮಡಿ ಇನ್ನೂ ಬಿಗಿಯಾಯಿತು. ಪಾಪ, ಅವರ ಕೈಯಲ್ಲಿ ಬೇರೇನು ಅಧಿಕಾರ ಉಳಿದಿತ್ತು, ಇದ್ದದ್ದನ್ನೇ ಗಟ್ಟಿಯಾಗಿ ಹಿಡಿದರು.

ಹಿಂದೆಲ್ಲ ಹಿತ್ತಲಿನಾಚೆ ಒಂದು ಸಂದಿಯಿತ್ತು. ಜವರಯ್ಯ ಅಲ್ಲಿಂದಲೇ ಬಂದು ಕಕ್ಕಸು ಬಳಿದು, ತಲೆಯ ಮೇಲೆ ಹೊತ್ತು, ಅಲ್ಲಿಂದಲೇ ಹೋಗುತ್ತಿದ್ದ. ಎಪ್ಪತ್ತರ ದಶಕದಲ್ಲಿ ಮಲ ಹೊರುವುದು ನಿಂತಿತು. ಎಂದೋ ನಿಲ್ಲಬೇಕಾಗಿದ್ದ ಕೆಲಸ ಅದು. ಜಲಜಮ್ಮನ ಒಬ್ಬನೇ ಮಗ ಸೀತಾರಾಮ, ಹೈಸ್ಕೂಲು ಮೇಷ್ಟ್ರು, ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದ. ಹಿತ್ತಲು ಇದ್ದದ್ದೇ ಅಂಗೈಯಗಲ, ಟ್ಯಾಂಕು ಬಾವಿಯ ಮಗ್ಗುಲಿಗೇ ಬಂತು. ಇನ್ನು ಸಂದಿಯಿಂದ ಏನು ಕೆಲಸವೆಂದು ಅಲ್ಲಿ ಗೋಡೆ ಎಬ್ಬಿಸಿದರು, ಗೋಡೆಯಾಚೆ ಪಕ್ಕದವರ ಕೊಟ್ಟಿಗೆಯೂ ಎದ್ದಿತು. ಈಗ ಟ್ಯಾಂಕಿನ ಬಳಿ ಹೋಗಬೇಕಾದರೆ ಪಕ್ಕದ ಓಣಿಯಿಂದ ಬಂದು ಬಾವಿಕಟ್ಟೆಯನ್ನು ಸವರಿಕೊಂಡೇ ಹೋಗಬೇಕಿತ್ತು.

ಹೋಗುವವರೇ ಇರಲಿಲ್ಲವಾದ್ದರಿಂದ ಅದು ಯಾರಿಗೂ ತೊಡಕೆನಿಸಲಿಲ್ಲ. ಟ್ಯಾಂಕೆಂದರೆ ಮುಚ್ಚಿ ಮರೆತುಬಿಡುವ ವಸ್ತು ಎಂದೇ ಬೀದಿಯವರೆಲ್ಲ ತಿಳಿದಿದ್ದರು. ಎಂಬತ್ತರ ದಶಕದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಶಿವಮಲ್ಲಪ್ಪ ಮನೆಮನೆಯ ಟ್ಯಾಂಕು, ಬಾವಿಗಳನ್ನು ನೋಡುತ್ತ ಬಂದ. ಚಪ್ಪಡಿ ಸರಿಸಿ ಉದ್ದನೆಯ ಕೋಲು ಇಳಿಸಿ, ತಳದಲ್ಲಿ ಎಷ್ಟು ಗಸಿ ಕೂತಿದೆಯೆಂದು ಅಳೆಯುವುದು ಅವನ ಕ್ರಮ. ಜಲಜಮ್ಮನ ಹಿತ್ತಲಲ್ಲಿ ಕೋಲು ಇಳಿಯಲೇ ಇಲ್ಲ.

"ಗಸಿ ಮೇಲಕ್ಕೇ ಬಂದ್ಬುಟ್ಟಿದೆ ಅಮ್ಮಾವ್ರೆ. ನಾಕಾರು ವರ್ಷಕ್ಕೊಂದ್ಸಲ ತೆಗೆಸ್ದಿದ್ರೆ ಎಲ್ಲಾ ಹಂಗೇ ಹೊರಕ್ಕೆ ಇಂಗ್ತದೆ. ನಿಮ್ ಬಾವಿ ಬೇರೆ ಪಕ್ಕದಲ್ಲೇ ಇದೆ."

"ತೆಗೆಯೋರು ನನ್ನ ಬಾವಿಕಟ್ಟೆ ಪಕ್ಕ ಓಡಾಡಬೇಕೇನಪ್ಪ? ನಾನು ಬದುಕಿರೋವರೆಗೂ ಅದಾಗಲ್ಲ."

ಅವನು ಹೋದದ್ದೇ ತಡ, ಅವನು ನಿಂತಿದ್ದ ಜಾಗವನ್ನೂ ತೊಳೆದರು. ಸೀತಾರಾಮ ಒಂದೆರಡು ಸಲ ಮಾತೆತ್ತಿ ನೋಡಿದ. ಪಾಠ ಹೇಳುವಾಗ ಗುಡುಗುವ ಆ ಮನುಷ್ಯ ತಾಯಿಯ ಮುಂದೆ ಬಾಲ ಮುದುರಿದ ಬೆಕ್ಕು.

ಸೊಸೆ ವೆಂಕಟಲಕ್ಷ್ಮಿ ಜಲಜಮ್ಮನಿಗೆ ಹೊರಗಿನವಳಲ್ಲ. ತಿರುಮಕೂಡಲಿನ ತಮ್ಮನ ಮಗಳು, ತಾವೇ ಹಟ ಹಿಡಿದು ತಂದುಕೊಂಡ ಹುಡುಗಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳು ಬಸುರಾದಾಗ ಜಲಜಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕಂಡ ಕಡೆ ನೀರು ಕುಡಿಯಬೇಡವೆಂದು ಕಟ್ಟಪ್ಪಣೆ ಮಾಡಿದರು. ಬೆಳಗಾಗುತ್ತಲೇ ತಾವೇ ಸೇದಿ, ಬಟ್ಟೆಯಲ್ಲಿ ಶೋಧಿಸಿ, ಬೆಳ್ಳಿಲೋಟದಲ್ಲಿ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಅಷ್ಟು ಪ್ರೀತಿಯನ್ನು ಅವರು ಹೊಟ್ಟೆಯ ಮಗನಿಗೂ ತೋರಿಸಿರಲಿಲ್ಲ.

ಮಳೆಗಾಲದಲ್ಲಿ ಅವಳ ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ನಾಟಿ ಔಷಧಿ ಕೊಡಿಸಿದರು, ಪಥ್ಯ ಮಾಡಿಸಿದರು. ಬಸುರಿಗೆ ಬಂದ ಕಾಮಾಲೆ ಪಥ್ಯಕ್ಕೆ ಬಗ್ಗಲಿಲ್ಲ. ಮಾತು ತೊದಲತೊಡಗಿದ ಮೇಲೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು.

"ಯಾವ ನೀರು ಕುಡೀತಿದ್ದೆಯಮ್ಮ?" ಡಾಕ್ಟರು ಕೇಳಿದರು.

"ಬಾವೀದು. ಅತ್ತೆ ಮಡೀಲಿ ಸೇದಿ ಕೊಡ್ತಾರೆ. ಹೊರಗಿನ ನೀರು ನಾನು ಮುಟ್ಟೇ ಇಲ್ಲ."

ಆ ನಿತ್ರಾಣದಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರು ಸೀತಾರಾಮನ ಕಡೆ ತಿರುಗಿ, ಕಕ್ಕಸಿನ ಗುಂಡಿ ಬಾವಿಗೆ ಎಷ್ಟು ದೂರ ಎಂದರು. ಅವನು ಬಾಯಲ್ಲಿ ಹೇಳಲಾಗದೆ ಕೈಯಲ್ಲೇ ತೋರಿಸಿದ. ಮಂಚದ ತಲೆದೆಸೆಯಲ್ಲಿ ನಿಂತಿದ್ದ ಜಲಜಮ್ಮ ಅದನ್ನು ನೋಡಿದರು.

ಆ ರಾತ್ರಿ ಪ್ರಜ್ಞೆ ತಪ್ಪಿದ ವೆಂಕಟಲಕ್ಷ್ಮಿ ಮತ್ತೆ ಎಚ್ಚರಾಗಲಿಲ್ಲ. ಹೊಟ್ಟೆಯಲ್ಲಿದ್ದ ಕೂಸೂ ಅವಳೊಂದಿಗೇ ಹೋಯಿತು. ಸೀತಾರಾಮ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಲಜಮ್ಮನಿಗೆ ಅಳುವುದಕ್ಕಾದರೂ ದಾರಿಯಾಗುತ್ತಿತ್ತು.

ಕರ್ಮವೆಲ್ಲ ಮುಗಿದ ಮೇಲೆ ಟ್ಯಾಂಕಿನ ಗಸಿ ತೆಗೆಯಲು ಸೀತಾರಾಮ ಜವರಯ್ಯನನ್ನೇ ಕರೆಸಿದ. ತಲೆಯ ಮೇಲೆ ಹೊರುವುದು ನಿಂತಿತ್ತೇ ಹೊರತು, ಗುಂಡಿ ತುಂಬಿದಾಗ ಊರಿಗೆ ನೆನಪಾಗುತ್ತಿದ್ದುದು ಅದೇ ಕೈಗಳು. ಜವರಯ್ಯ ಬಾವಿಯ ಹತ್ತಿರ ಬಂದು ನಿಂತುಬಿಟ್ಟ. "ಎಂಗೆ ಓಗ್ಲಿ ಅಮ್ಮಾವ್ರೆ?" ಎಂದ. ಜಲಜಮ್ಮ ಬಾವಿಕಟ್ಟೆಯ ಪಕ್ಕಕ್ಕೇ ಕೈ ತೋರಿಸಿದರು.

ಬಕೆಟ್ಟಿನಲ್ಲಿ ಮೊಗೆದು ಮೊಗೆದು ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಜಲಜಮ್ಮ ಅವನು ಕೈಕಾಲು ತೊಳೆಯಲೆಂದು ಬಾವಿಯಿಂದ ಸೇದಿ ಹುಯ್ದರು. ತೊಳೆದಾದ ಮೇಲೆ ಅವನು ದೂರ ಕುಕ್ಕುರುಗಾಲಲ್ಲಿ ಕೂತು ಬೊಗಸೆಯೊಡ್ಡಿದ.

"ಕುಡಿಯಕ್ಕೆ ವಸಿ ಉಯ್ರಿ ಅಮ್ಮಾವ್ರೆ. ಗಂಟ್ಲು ಒಣಗೋಗದೆ."

ಕೊಡ ಅವರ ಕೈಯಲ್ಲೇ ಇತ್ತು. ಬಗ್ಗಿಸಹೋದ ಕೈ ತಡೆಯಿತು.

"ಈ ನೀರು ಬೇಡ ಜವರಯ್ಯ."

ಅವನು ಬೊಗಸೆ ಬಿಚ್ಚಿದ. ಸಿಟ್ಟೇನೂ ಮಾಡಿಕೊಳ್ಳಲಿಲ್ಲ. "ಆಯ್ತು ಬುಡಿ. ನಿಮ್ ಮಡಿ ನಂಗೊತ್ತಿಲ್ವಾ? ಬೀದಿ ನಲ್ಲೀಲಿ ಕುಡ್ಕತ್ತೀನಿ."

ಅದಲ್ಲವೋ ಎನ್ನಲು ಜಲಜಮ್ಮ ಬಾಯಿ ತೆರೆದರು. ಅದಲ್ಲದಿದ್ದರೆ ಮತ್ತೇನೆಂದು ಹೇಳಬೇಕಾದರೆ ವೆಂಕಟಲಕ್ಷ್ಮಿಯ ಹೆಸರೆತ್ತಬೇಕಿತ್ತು. ಜವರಯ್ಯ ಬಕೆಟ್ಟು ಎತ್ತಿಕೊಂಡು, ಕಟ್ಟೆಗೆ ಮೈ ತಾಗದಂತೆ ಓರೆಯಾಗಿ ನಡೆದು, ಓಣಿಗೆ ಇಳಿದುಹೋದ.