ಮಾಮಾನ ಮೊಬೈಲು, ಭುವಿಯ ಕಾರ್ಡು

ಭುವನೇಶ್ವರಿಯ ಕ್ರೆಡಿಟ್ ಕಾರ್ಡಿನ ಕಥೆ ಹೇಳಬೇಕೆಂದರೆ ಮೊದಲು ಅವಳ ಸೋದರಮಾವ ಮುರಿಗೆಪ್ಪನ ಊಟದ ವಿಷಯ ಹೇಳಬೇಕು. ಮುಂಬಯಿಯ ಚೆಂಬೂರಿನ ಚಾಳಿನಲ್ಲಿ ಇಬ್ಬರದೂ ಎದುರುಬದುರು, ಒಂದೇ ಕೋಣೆಯ ಖೋಲಿ. ಅವನ ಹೆಂಡತಿ ಮಕ್ಕಳು ಕಲಬುರಗಿ ಕಡೆಯ ಊರಲ್ಲಿ, ಅವನಿಗೆ ಇಲ್ಲಿ ಟೈಲ್ಸ್ ಕೂಡಿಸುವ ಕೆಲಸ. ಸಂಜೆ ಅಕ್ಕ, ಅಂದರೆ ಭುವನೇಶ್ವರಿಯ ತಾಯಿ, ಸುಂದ್ರವ್ವನ ಹೊಸ್ತಿಲು ದಾಟಿ ಕೂತನೆಂದರೆ ತಾಟಿಗೆ ಬಿಸಿ ರೊಟ್ಟಿ ಬೀಳಬೇಕು. ಈ ಊರಿನ ಜೋಳದ ಹಿಟ್ಟಿಗೆ ಜಿಗಿಯೇ ಇರುವುದಿಲ್ಲ, ಆದರೂ ಸುಂದ್ರವ್ವ ಬಡಿದರೆ ರೊಟ್ಟಿಯ ಅಂಚು ಎಂದೂ ಸೀಳಿದ್ದಿಲ್ಲ. ಅದಿರಲಿ.

ಮುರಿಗೆಪ್ಪ ಕೆಟ್ಟವನಲ್ಲ. ಭುವಿಯ ಅಪ್ಪ ತೀರಿಕೊಂಡ ವರ್ಷ ಅವಳ ಶಾಲೆಯ ಫೀ ಕಟ್ಟಿದವನು ಅವನೇ. ಆದ್ದರಿಂದ ಅವನು, "ನನ್ನ ಹತ್ರ ಕಾಗದಪತ್ರ ಇಲ್ಲವ್ವಾ, ನಿನ್ನ ಪ್ಯಾನ್ ಕಾರ್ಡ್ ಮ್ಯಾಲ ಒಂದು ಮೊಬೈಲ್ ಕೊಡಸು, ಕಂತು ನಾ ತುಂಬತೀನಿ" ಎಂದಾಗ ಕಾಲೇಜಿಗೆ ಹೋಗುವ ಹುಡುಗಿ ಎರಡನೆಯ ಮಾತಾಡಲಿಲ್ಲ. ಕಾಗದಪತ್ರ ಇದ್ದವರು ಇಲ್ಲದವರಿಗೆ ಹೆಸರು ಕೊಡುವುದು ಆ ಚಾಳಿನಲ್ಲಿ ಮೊಸರಿಗೆ ಹೆಪ್ಪು ಕೊಟ್ಟಷ್ಟೇ ಸಲೀಸು.

ಮಳೆಗಾಲದಲ್ಲಿ ಕೆಲಸ ನಿಂತಿತು, ಕಂತೂ ನಿಂತಿತು. ಮುರಿಗೆಪ್ಪ ಬಾಯಿ ಬಿಡಲಿಲ್ಲ. ಮುಂದಿನ ಎಂ.ಎಸ್ಸಿ.ಗೆ ಸಾಲ ಸಿಗುತ್ತದೆಯೇ ಎಂದು ಕೇಳಲು ಬ್ಯಾಂಕಿಗೆ ಹೋದಾಗಲೇ ಭುವಿಗೆ ಗೊತ್ತಾದದ್ದು. ಅಲ್ಲಿದ್ದ ಮೈಸೂರಿನ ಶಾಮಲಾ ಮೇಡಂ ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಮೊಬೈಲ್ ಕಂತು ಕಟ್ಟಿಲ್ಲ, ನಿನ್ನ ಕ್ರೆಡಿಟ್ ಸ್ಕೋರ್ ಬಿದ್ದೋಗಿದೆ ಕಣಮ್ಮ. ಈಗ ಸಾಲ ಕೇಳಿದ್ರೆ ಯಾರೂ ಕೊಡಲ್ಲ. ಮೊದ್ಲು ಮೊಬೈಲ್ ಬಾಕಿ ತೀರ್ಸು. ಆಮೇಲೆ ಒಂದು ಎಫ್‌ಡಿ ಇಟ್ಟು ಅದ್ರ ಮೇಲೆ ಕಾರ್ಡ್ ತಗೊ. ಸ್ವಲ್ಪಸ್ವಲ್ಪ ಖರ್ಚು ಮಾಡಿ, ಪ್ರತಿ ತಿಂಗ್ಳೂ ಪೂರ್ತಿ ಕಟ್ಟು, ಸ್ಕೋರ್ ಮೇಲೆ ಬರತ್ತೆ. ಒಂದು ವರ್ಷ ಬಿಟ್ಟು ಬಾ, ನೋಡೋಣ."

ಸ್ಟೇಷನ್ ಹೊರಗೆ ಮೇಜು ಹಾಕಿಕೊಂಡ ಕಾರ್ಡ್ ಏಜೆಂಟ್ ಬೇರೆ ಆಸೆ ತೋರಿಸಿದ. ಎಫ್‌ಡಿ ಬೇಡ, ಸ್ಕೋರ್ ನೋಡುವುದಿಲ್ಲ, ಜೊತೆಗೆ ಸಿನಿಮಾ ಟಿಕೆಟ್. "ಬಡ್ಡಿ ಎಷ್ಟು?" ಎಂದು ಭುವಿ ಕೇಳಿದಳು. "ಪೆಹಲೇ ಸೈನ್ ತೋ ಕರೋ ಮೇಡಂ," ಎಂದ. ಅವಳು ಸಹಿ ಹಾಕದೆ ಪೆನ್ನು ಅಲ್ಲೇ ಇಟ್ಟು ಬಂದಳು. ಹಳೆ ಲ್ಯಾಪ್‌ಟಾಪ್ ಒಂದನ್ನು ಕೊಳ್ಳಲೆಂದು ಟ್ಯೂಷನ್ ಹೇಳಿ ಕೂಡಿಸಿದ್ದ ಹಣದಲ್ಲಿ ಮಾಮಾನ ಬಾಕಿ ತೀರಿಸಿ, ಉಳಿದದ್ದನ್ನು ಎಫ್‌ಡಿ ಮಾಡಿದಳು.

ಕಾರ್ಡು ಬಂತು. ಸುದ್ದಿ ಅದಕ್ಕಿಂತ ಮೊದಲೇ ಎದುರು ಖೋಲಿ ಮುಟ್ಟಿತ್ತು.

"ಟೈಲ್ಸ್ ಕೊರಿಯೋ ಮಷೀನ್ ಸುಟ್ಟು ಹೋಗ್ಯದ ಭುವಿ," ರೊಟ್ಟಿ ಮುರಿಯುತ್ತ ಮುರಿಗೆಪ್ಪ ಅಂದ. "ಒಂದ್ಸಲ ನಿನ್ನ ಕಾರ್ಡ್ ಉಜ್ಜು. ಬಿಲ್ ಬರೂದ್ರಾಗ ರೊಕ್ಕ ಕೊಡ್ತೀನಿ."

"ಆಗಂಗಿಲ್ಲ ಮಾಮಾ."

"ಮತ್ತೇನು, ಊದಿನಕಡ್ಡಿ ಹಚ್ಚಿ ಪೂಜಿ ಮಾಡ್ತಿಯೇನು ಅದಕ್ಕ?"

ಸುಂದ್ರವ್ವ ಒಲೆಯ ಕಡೆ ಮುಖ ಮಾಡಿಯೇ, "ಮಷೀನ್ ಇಲ್ಲಂದ್ರ ಕೆಲಸಕ್ಕ ಯಾರ್ ಕರೀತಾರ ಅಂವಗ," ಎಂದಳು.

ಭುವಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಾಮಾ ಕೊಡುತ್ತಾನೆ, ಆದರೆ ಯಾವಾಗ? ಒಂದು ತಿಂಗಳು ತಪ್ಪಿದರೂ ಮತ್ತೆ ಮೊದಲಿನಿಂದ. "ಹಿಂದಿನ ಸಲಾನೂ ಹಿಂಗ ಅಂದಿದ್ರಿ. ಸಾಲ ಸಿಗಲಿಲ್ಲಂದ್ರ ನಾ ಓದೂದು ಇಲ್ಲಿಗೇ ಮುಗೀತದ ಮಾಮಾ."

ಮುರಿಗೆಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ.

ಮರುದಿನ ಸಂಜೆ ಅವನು ಬರಲಿಲ್ಲ. ಸುಂದ್ರವ್ವ ಅವನ ಪಾಲಿನ ರೊಟ್ಟಿಯನ್ನೂ ಬಡಿದು, ಪುಂಡಿಪಲ್ಯ ಹಾಕಿ, ತಾಟನ್ನು ಮಗಳ ಕೈಗೆ ಕೊಟ್ಟಳು.

ಎದುರಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಮೊಬೈಲಿನಲ್ಲಿ ಹಾಡು ಕೇಳುತ್ತಿತ್ತು. ಅವಳ ಹೆಸರಿನಲ್ಲಿ ಕೊಂಡದ್ದೇ ಆ ಮೊಬೈಲು. ಭುವಿ ಬಾಗಿಲು ಬಡಿದಳು. ಹಾಡು ನಿಂತಿತು.

"ಬಾಗಲಾ ತೆಗೀರಿ ಮಾಮಾ. ರೊಟ್ಟಿ ಆರ್ತದ."

ಚಿಲಕ ಅಲ್ಲಾಡಲಿಲ್ಲ. ಅವಳು ತಾಟು ಹಿಡಿದುಕೊಂಡು ಅಲ್ಲೇ ನಿಂತಳು.