ಕಬ್ಬಿನ ನೆಲದಲ್ಲಿ ಮಲಗಿದವರು

ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೆಳೆದ ರಾಜಲಕ್ಷ್ಮಿಗೆ ಮಣ್ಣನ್ನು ಮೂಸಿ ನೋಡುವುದು ಚಿಕ್ಕಂದಿನ ಅಭ್ಯಾಸ. ಹ್ಯೂಸ್ಟನ್ನಿನಲ್ಲಿ ಇಪ್ಪತ್ತೆರಡು ವರ್ಷ ಅದೇ ಆಕೆಯ ಅನ್ನವಾಯಿತು: ಕಟ್ಟಡ ಏಳುವ ಮೊದಲು ನೆಲಕ್ಕೆ ಬೈರಿಗೆ ಇಳಿಸಿ ಮಣ್ಣಿನ ಗುಣ ಹೇಳುವ ಎಂಜಿನಿಯರ್ ಕೆಲಸ. ಬ್ರಾಝೋಸ್ ನದಿಯ ಬಳಿ ಕನ್ನಡಿಗರು ದೇವಾಲಯಕ್ಕೆಂದು ಜಾಗ ಕೊಂಡಾಗ ಮಣ್ಣಿನ ಪರೀಕ್ಷೆಯನ್ನು ದೇವರ ಸೇವೆಯೆಂದೇ ವಹಿಸಿಕೊಂಡಳು.

ಭಗವಂತನು ಭಕ್ತರನ್ನು ಪರೀಕ್ಷಿಸಲು ಗುಡಿ ಏಳುವವರೆಗೂ ಕಾಯುವುದಿಲ್ಲ. ಭೂಮಿಪೂಜೆಗೆ ಮೂರು ದಿನವಿರುವಾಗ, ಗರ್ಭಗುಡಿಗೆಂದು ಗುರುತಿಸಿದ್ದ ಕಡೆ ಬೈರಿಗೆಯೊಡನೆ ಎಲುಬಿನ ಚೂರುಗಳು ಮೇಲೆ ಬಂದವು. ಜೊತೆಗೆ ತುಕ್ಕು ಹಿಡಿದ ಕೋಳದ ಕೊಂಡಿ.

ಆಕೆ ಗ್ರಂಥಾಲಯಕ್ಕೆ ಧಾವಿಸಿ ಹಳೆಯ ನಕ್ಷೆ, ದಾಖಲೆಗಳನ್ನು ತೆಗೆಸಿದಳು. ಆ ಜಾಗ ಹಿಂದೆ ಗುಲಾಮರಿಂದ ಕಬ್ಬು ಕಡಿಸಿದ ತೋಟ. ಗುಲಾಮರಿಗೆ ಬಿಡುಗಡೆಯಾದ ಮೇಲೆ ಸರ್ಕಾರವೇ ಕೈದಿಗಳನ್ನು, ಹೆಚ್ಚಿನವರು ಕಪ್ಪು ಜನರೇ, ತೋಟದ ಮಾಲೀಕರಿಗೆ ಬಾಡಿಗೆಗೆ ಕೊಟ್ಟಿತು. ಉಗಿಯಂತ್ರದ ಸಕ್ಕರೆ ಗಿರಣಿ, ರೈಲುಹಳಿ, ಎಲ್ಲವೂ ಅವರ ಬೆವರಿನ ಮೇಲೆ ಎದ್ದವು. ನಕ್ಷೆಯ ಅಂಚಿನಲ್ಲಿ, ಗರ್ಭಗುಡಿ ಏಳಬೇಕಿದ್ದ ಕಡೆಯೇ, ಒಂದು ಪುಟ್ಟ ಚೌಕ: ಕೈದಿಗಳ ಸ್ಮಶಾನ. ಒಬ್ಬರ ಹೆಸರೂ ಇಲ್ಲ. ಕಬ್ಬಿನ ಗರಿ ಅಂಗೈ ಸೀಳಿದಾಗಿನ ಉರಿ ರಾಜಲಕ್ಷ್ಮಿಗೆ ಗೊತ್ತಿತ್ತು.

ದೇವಾಲಯ ಸಮಿತಿಯ ಅಧ್ಯಕ್ಷ ಮೋಹನರಾಜನಿಗೆ ಫೋನ್ ಮಾಡಿದಳು. ಆತ ನಕ್ಕ.

“ಮೇಡಂ, ಇದು ಟೆಕ್ಸಾಸ್. ಎಲ್ಲಿ ಅಗೆದ್ರೂ ದನದ ಮೂಳೇನೇ ಸಿಗೋದು.”

“ದನಕ್ಕೆ ಯಾರು ಕೋಳ ತೊಡಿಸ್ತಾರೆ ಮೋಹನರಾಜ್? ಕೌಂಟಿ ಸರ್ಕಾರದವರಿಗೆ ತಿಳಿಸ್ಬೇಕು.”

ನಗು ನಿಂತಿತು. “ತಿಳಿಸಿದ್ರೆ ಕೆಲಸ ನಿಲ್ಲುತ್ತೆ. ಹನ್ನೊಂದು ವರ್ಷದಿಂದ ಬಾಡಿಗೆ ಹಾಲ್‌ನಲ್ಲಿ ದೇವರನ್ನ ಕೂರಿಸಿ ಎಬ್ಬಿಸ್ತಾ ಇದೀವಿ. ಪೂಜೆ ಮುಗಿಯೋವರೆಗೂ ಬಾಯಿ ಬಿಡ್ಬೇಡಿ, ದಮ್ಮಯ್ಯ.”

ಆ ದಿನ ಆಕೆ ಕೌಂಟಿಗೆ ಫೋನ್ ಮಾಡಲಿಲ್ಲ. ಆ ಹನ್ನೊಂದು ವರ್ಷವೂ ಹಾಲ್ ಗುಡಿಸಿ ರಂಗೋಲಿ ಇಟ್ಟವಳು ಅವಳೇ.

ಶುಕ್ರವಾರ ಬೆಳಿಗ್ಗೆ ಭೂಮಿಪೂಜೆಗೆ ನಾನೂರು ಜನ ಸೇರಿದರು. ದೂರದ ಕ್ಯಾರಲ್ಟನ್ ಊರಿನಿಂದ ಬಂದಿದ್ದ ಪುರೋಹಿತರಾದ ಸತ್ಯಪ್ರಕಾಶ ಭಟ್ಟರು ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿದರು. ನೆಲದೊಳಗಿನ ಎಲುಬಿಗೆ ಶಲ್ಯವೆನ್ನುತ್ತಾರೆ. ಅದರ ಬಗ್ಗೆ ಕೇಳದೆ ಗುದ್ದಲಿ ಎತ್ತುವವರಲ್ಲ ಅವರು.

“ಮಣ್ಣು ನೋಡಿದ್ದು ಯಾರಮ್ಮ? ಹೋಮದ ಅಗ್ನಿಯ ಮುಂದೆ ಹೇಳಿ. ಶಲ್ಯ ಏನಾದರೂ ಉಂಟೋ?”

ಮೋಹನರಾಜನ ಕಣ್ಣು ಆಕೆಯ ಮೇಲೆ ನೆಟ್ಟಿತು. ಒಂದೇ ಒಂದು “ಇಲ್ಲ” ಸಾಕಿತ್ತು.

“ಇದೆ, ಭಟ್ಟರೇ. ಮನುಷ್ಯರದ್ದು. ದುಡಿಸಿ ದುಡಿಸಿ ಸಾಯಿಸಿ ಇಲ್ಲೇ ಹೂತಿದ್ದಾರೆ.”

“ತೆಗೆಸಿ ಶಾಂತಿ ಮಾಡಿಸಿದ್ರಾಯ್ತು!” ಮೋಹನರಾಜ ಕೂಗಿದ.

ಭಟ್ಟರು ಗುದ್ದಲಿಯನ್ನು ಚಾಪೆಯ ಮೇಲೆ ಮಲಗಿಸಿದರು. “ಸತ್ತವರ ಮನೆಯವರನ್ನು ಮೊದಲು ಹುಡುಕಿ ಕೇಳಿ, ಮಾರಾಯ್ರೇ. ನಾನಂತೂ ಅಗೆಯುವುದಿಲ್ಲ.”

“ಎಲ್ಲಾ ಹಾಳು ಮಾಡಿದ್ರಿ ಮೇಡಂ,” ಎಂದ ಮೋಹನರಾಜನ ಕಣ್ಣು ತುಂಬಿತ್ತು. ಆದರೂ ರಾಜಲಕ್ಷ್ಮಿ ಶಾಮಿಯಾನದ ಅಂಚಿಗೆ ನಡೆದು ಕೌಂಟಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು, ಎಷ್ಟು ಜನರ ಸಮಾಧಿಗಳಿವೆ ಎಂದು ಕೇಳಿದಳು.

“ಗೊತ್ತಿಲ್ಲ,” ಎಂದಳು ರಾಜಲಕ್ಷ್ಮಿ. “ನೀವು ಬರೋವರೆಗೂ ನಾನಿಲ್ಲೇ ಇರ್ತೀನಿ.”