ಅವ್ವನ ಸೀರೆ, ಶಹಾಬಾದಿನ ನೀರು

ಶಹಾಬಾದಿನ ಭೀಮಬಾಯಿಯ ಜೋಳದ ರೊಟ್ಟಿಗೆ ಪಕ್ಕದೂರು ವಾಡಿಯ ಖಾನಾವಳಿಗಳಿಂದಲೂ ಬೇಡಿಕೆ. ಆ ರೊಟ್ಟಿಯ ಒಲೆಯೇ ಒಮ್ಮೆ ಅವಳ ಪಾಲಿಸ್ಟರ್ ಸೆರಗನ್ನು ಹಿಡಿದಿತ್ತು. ಬಟ್ಟೆ ಬರೀ ಉರಿಯಲಿಲ್ಲ, ಕರಗಿ ಮುಂಗೈಗೆ ಅಂಟಿಕೊಂಡಿತು. ಆಗ ಕಾಲೇಜಿನಲ್ಲಿದ್ದ ಮಗಳು ಲುಂಬಿನಿ ಆಮೇಲೆ ಎಂದೂ ಒಲೆಯ ಮುಂದೆ ಕೂತು ಉಂಡವಳಲ್ಲ. ತಾಟು ಹಿಡಿದು ಅಂಗಳಕ್ಕೆ ನಡೆಯುತ್ತಿದ್ದಳು.

ಹಠ ಅವ್ವನಿಂದಲೇ ಬಂದದ್ದು. ರಸಾಯನಶಾಸ್ತ್ರ ಓದಿ ಹೈದರಾಬಾದಿನ ನೂಲಿನ ಪ್ರಯೋಗಾಲಯ ಸೇರಿದಳು. ಪಾಲಿಸ್ಟರ್ ಕರಗಿಸಿ ಎಳೆ ತೆಗೆಯುವ ಮೊದಲೇ ಅದಕ್ಕೆ ರಂಜಕ, ಅಂದರೆ ಫಾಸ್ಫರಸ್, ಇರುವ ಪುಡಿಯೊಂದನ್ನು ಬೆರೆಸಬೇಕು. ಆ ಬಟ್ಟೆಗೆ ಕಿಡಿ ತಗುಲಿದರೂ ಉರಿ ಹಬ್ಬದೆ ಆರಬೇಕು. ಹೇಳುವುದೇನೋ ಸುಲಭ. ಪುಡಿ ಹೆಚ್ಚಾದರೆ ಎಳೆ ಪಟಪಟ ಹರಿಯುತ್ತಿತ್ತು, ಕಡಿಮೆಯಾದರೆ ಬಟ್ಟೆ ಉರಿಯುತ್ತಿತ್ತು. ವರ್ಷಗಟ್ಟಲೆ ತಲೆ ಚಚ್ಚಿಕೊಂಡ ಮೇಲೆ ಹದ ಸಿಕ್ಕಿತು. ಆ ನೂಲಿನ ಮೊದಲ ಸೀರೆ ಅವ್ವನಿಗೇ ಬಂತು. ಭೀಮಬಾಯಿ ಅದನ್ನು ಒಗೆದೊಗೆದು ಉಟ್ಟಳು.

ಈ ಬೇಸಿಗೆಯಲ್ಲಿ ಊರಿಗೆ ಬಂದ ಲುಂಬಿನಿ, ಇಷ್ಟು ಒಗೆತದ ಮೇಲೂ ಪುಡಿ ತಾಳಿದೆಯೇ ಎಂದು ನೋಡಲು, ಅವತ್ತು ಅವ್ವ ಉಡುವ ಮೊದಲೇ ಸೀರೆಯ ಅಂಚಿನ ಚೂರೊಂದನ್ನು ಕತ್ತರಿಸಿಟ್ಟುಕೊಂಡಿದ್ದಳು. ಅಂಗಳದಲ್ಲಿ ಅದನ್ನು ಇಕ್ಕಳದಿಂದ ಹಿಡಿದು ಕಡ್ಡಿ ಗೀರಿದಳು. ಚೂರು ಸುರ್ರನೆ ತುದಿಯವರೆಗೂ ಉರಿದುಹೋಯಿತು. ಒಳಗೆ ಅವ್ವ ಅದೇ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಒಲಿ ಬಿಟ್ಟು ಏಳು! ಮೊದ್ಲ ಆ ಸೀರಿ ಬಿಚ್ಚು!"

"ತಲಿ ಕೆಟ್ಟದೇನ್ ನಿಂದು? ಹಂಚಿನ ಮ್ಯಾಗ ರೊಟ್ಟಿ ಅದ."

ಬಿಚ್ಚಿಸಿಯೇ ಬಿಟ್ಟಳು. ಸೀರೆ ಹಿಡಿದು ಬಚ್ಚಲಲ್ಲಿ ಕೂತಾಗ ಅಳು ಬಂತು. ಏನೂ ಆಗದೆಂದು ಅವ್ವನಿಗೆ ಭರವಸೆ ಕೊಟ್ಟವಳು ತಾನೇ. ಪ್ರಯೋಗಾಲಯದಲ್ಲಿ ಎಷ್ಟು ಸಲ ಒಗೆದರೂ ಉರಿಯದ ಬಟ್ಟೆ ಇಲ್ಲೇಕೆ ಹೀಗೆ? ಮುಖ ತೊಳೆಯಲು ಬಕೆಟಿಗೆ ಕೈ ಹಾಕಿದಳು. ಒಳಮೈಗೆಲ್ಲ ಸುಣ್ಣದ ಪದರ, ನೀರಿನ ಮೇಲೆ ಸಾಬೂನಿನ ಬಿಳಿ ಜಿಡ್ಡು. ಸೀರೆಯನ್ನು ತಿಕ್ಕಿ ನೋಡಿದರೆ ಬೆರಳಿಗೆ ಅದೇ ಜಿಡ್ಡು.

ಹಣೆ ಬಡಿದುಕೊಂಡಳು. ನೆಲಕ್ಕೆ ಹಾಸುವ ಫರಸಿ ಎಂಬ ಸುಣ್ಣಕಲ್ಲಿನ ಊರಲ್ಲಿ ಹುಟ್ಟಿ, ಹಂಡೆಯ ಸುಣ್ಣ ಕೆರೆಯುತ್ತಲೇ ಬೆಳೆದ ಈ ಜಾಣೆ, ಹೈದರಾಬಾದಿನ ಶೋಧಿಸಿದ ನೀರಲ್ಲಷ್ಟೇ ಬಟ್ಟೆ ಒಗೆದು ನೋಡಿದ್ದಳು! ಇಲ್ಲಿಯ ಗಡಸು ನೀರಿಗೆ ಸಾಬೂನು ಸೇರಿದರೆ ಜಿಡ್ಡು ಎಳೆಗೆ ಮೆತ್ತಿಕೊಳ್ಳುತ್ತದೆ. ಉರಿ ಹಬ್ಬಿಸಿದ್ದು ಆ ಜಿಡ್ಡೇ ಇರಬೇಕು. ಆದರೆ 'ಇರಬೇಕು' ಅಂದರೆ ಸಾಲದು, ಉಡುವವಳು ಅವ್ವ.

ಜಿಡ್ಡು ಬಿಡಿಸಲು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಸೀರೆ ನೆನೆಸಿ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದಳು. ಒಣಗಿದ ಮೇಲೆ ಅಂಚಿನ ಮತ್ತೊಂದು ಚೂರಿಗೆ ಕಡ್ಡಿ ಹಿಡಿದಳು. ಅಂಚು ಮುದುಡಿತು, ಕಡ್ಡಿ ಸರಿಸಿದೊಡನೆ ಉರಿ ಆರಿತು. ಸೆರಗಿನಿಂದಲೂ ಒಂದು ಚೂರು ತೆಗೆದಳು. ಅದೂ ಆರಿತು. ಹೋದ ಜೀವ ಬಂದಂತಾಗಿ, ಫರಸಿಯ ಮೇಲೆ ಕೂತು ನಗತೊಡಗಿದಳು.

"ಸೀರಿ ಎಲ್ಲಾ ಚಿಂದಿ ಮಾಡಿ ನಗಾಕತ್ತೀಯಲ್ಲ?" ಎಂದಳು ಭೀಮಬಾಯಿ.

"ಪುಡಿ ಕೈ ಕೊಟ್ಟಿಲ್ಲವ್ವಾ! ನಮ್ಮ ನೀರಂದು ಕಾಟ. ಇನ್ನ ಮ್ಯಾಗ ಈ ಸೀರಿಗಿ ಸಾಬೂನು ಹಚ್ಚಬ್ಯಾಡ."

"ನೀರಿಗ್ಯಾಕ ಬೈತಿ? ಅದೇ ನೀರು ಕುಡ್ದು ಇಷ್ಟು ಓದೀದಿ."

ಮುಂದಿನ ಪರೀಕ್ಷೆಗೆ ಹೈದರಾಬಾದಿಗೆ ಒಯ್ಯಲು ಲುಂಬಿನಿ ಒಂದು ಕ್ಯಾನ್ ತುಂಬ ಬೋರಿನ ನೀರು ಹಿಡಿದಿಟ್ಟಳು. ಭೀಮಬಾಯಿ ಅಂಚು ಹರಿದ ಸೀರೆಯನ್ನೇ ಉಟ್ಟು ಒಲೆ ಹೊತ್ತಿಸಿದಳು. ಬಿಸಿ ರೊಟ್ಟಿಯ ತಾಟನ್ನು ರೂಢಿಯಂತೆ ಅಂಗಳದ ಕಡೆ ಚಾಚಿದಳು. ಲುಂಬಿನಿ ತಾಟು ಇಸಿದುಕೊಂಡು, ಒಲೆಯ ಮುಂದೆ ಅವ್ವನ ಮಗ್ಗುಲಲ್ಲೇ ಕೂತು ಉಣ್ಣತೊಡಗಿದಳು.